ಇಬ್ಬರು ಬಲಾಢ್ಯರ ಸ್ನೇಹ ಮತ್ತು ನಮ್ಮ ದತ್ತ ಮಂಡಲ

(ಕೊಟ್ಟೂರಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಭೆಗೆ ಬರುವ ಮುಂಚೆ ಇಲ್ಲಿಯ ಒಂದು ಎಣ್ಣೆ ಗಿರಣಿಯ ಮುಂದಿನ ಚಾದಂಗಡಿಯಲ್ಲಿ ಕುಳಿತಿದ್ದೆ. ಅಲ್ಲಿ ಇಬ್ಬರು ವಾದಕ್ಕೆ ಬಿದ್ದಿದ್ದರು. ರಷ್ಯಾ ಚೀನಾ ಕೈ ಕೈ ಹಿಡಿದಿವೆ, ಇನ್ನು ಅವನ್ನು ಬಿಡಿಸುವ ಗಂಡು ಹುಟ್ಟಿಲ್ಲ ಎಂದು ಒಬ್ಬರ ಮಾತು. ಅದೆಲ್ಲ ನಾಟಕ, ಒಳಗೊಳಗೆ ಇಬ್ಬರಿಗೂ ಆಗಿಬರುವುದಿಲ್ಲ, ಇವತ್ತಲ್ಲ ನಾಳೆ ಬಡಿದಾಡಿಕೊಳ್ಳುತ್ತಾರೆ ಎಂದು ಇನ್ನೊಬ್ಬರ ಮಾತು. ನನ್ನನ್ನು ಕಂಡವರೇ, "ನೀವೇ ಹೇಳ್ರಿ, ಯಾರ ಮಾತು ಖರೆ?" ಎಂದು ಹಿಡಿದರು. ಒಳಗೆ ಹಗೆ ಇದೆ ಅನ್ನುವುದೂ ಖರೆ, ಕೈ ಹಿಡಿದಿದ್ದಾರೆ ಅನ್ನುವುದೂ ಖರೆ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಹಾರಿಕೆಯ ಉತ್ತರ ಅಂದುಕೊಂಡರೇನೋ. ಅವರಿಬ್ಬರೂ ಈಗ ಸಭೆಯಲ್ಲಿ ಇದ್ದಾರೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಮಂಡಿಯಲ್ಲಿ ದುಡಿಯುವವರಿಗೆ ಇದು ಹೊಸ ಮಾತೇನಲ್ಲ. ಇಬ್ಬರು ದೊಡ್ಡ ಖರೀದಿದಾರರು ಇರುತ್ತಾರೆ. ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಇವರ ಗಿರಾಕಿಯನ್ನು ಅವರು ಸೆಳೆದಿದ್ದಾರೆ, ಅವರ ಗೋದಾಮಿನ ಜಾಗದ ಮೇಲೆ ಇವರು ದಾವೆ ಹಾಕಿದ್ದಾರೆ. ಆದರೆ ಶೇಂಗಾ ರಾಶಿಯ ಮುಂದೆ ಸವಾಲು ಕೂಗುವ ಹೊತ್ತಿಗೆ ಇಬ್ಬರ ದರವೂ ಒಂದೇ ಕಡೆ ಬಂದು ನಿಲ್ಲುತ್ತದೆ. ಆ ಹೊತ್ತಿನಲ್ಲಿ ರಾಶಿ ತಂದ ರೈತ, "ಇವರಿಬ್ಬರಿಗೂ ಆಗುವುದಿಲ್ಲ, ಹೇಗೂ ಒಬ್ಬರು ದರ ಏರಿಸುತ್ತಾರೆ" ಎಂದು ನಂಬಿ ಕುಳಿತರೆ ಸಂಜೆಗೆ ಬರಿಗೈಯಲ್ಲಿ ಗಾಡಿ ಹೂಡಬೇಕಾಗುತ್ತದೆ. ಹಗೆತನವಿದ್ದರೂ ಪಾಲುದಾರಿಕೆ ನಡೆಯುತ್ತದೆ. ಇಷ್ಟು ದಿವಸ ನಡೆದದ್ದೂ ಹಾಗೆಯೇ.

ಮಾಸ್ಕೋ ಪೀಕಿಂಗುಗಳ ಮಾತನ್ನು ಸ್ವಲ್ಪ ಹೊತ್ತು ಬದಿಗಿಡೋಣ. ನಾವು ಕುಳಿತಿರುವ ಈ ನೆಲದ ಕಥೆಯನ್ನು ಮೊದಲು ನೋಡೋಣ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಇವತ್ತು ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ನಮ್ಮ ಅಜ್ಜಂದಿರ ಬಾಯಲ್ಲಿ ಈ ಸೀಮೆಗೆ ಇನ್ನೊಂದು ಹೆಸರಿತ್ತು: ದತ್ತ ಮಂಡಲ. ದತ್ತ ಅಂದರೆ ಕೊಟ್ಟದ್ದು. ಕೊಟ್ಟವರು ಯಾರು, ಇಸಿದುಕೊಂಡವರು ಯಾರು, ಯಾತಕ್ಕಾಗಿ ಕೊಟ್ಟರು? ಇದನ್ನು ಕೇಳಿಕೊಂಡರೆ ಬಲಾಢ್ಯರ ಸ್ನೇಹ ಅಂದರೆ ಏನೆಂದು ಪುಸ್ತಕವಿಲ್ಲದೆ ತಿಳಿಯುತ್ತದೆ.

ಆ ಕಾಲದಲ್ಲಿ ದಖ್ಖನಿನ ಇಬ್ಬರು ಬಲಾಢ್ಯರು ಪುಣೆಯ ಮರಾಠರು ಮತ್ತು ಹೈದರಾಬಾದಿನ ನಿಜಾಮರು. ಇವರ ಹಗೆ ಇಂದು ನಿನ್ನೆಯದಾಗಿರಲಿಲ್ಲ. 1728ರಲ್ಲಿ ಪಾಲಖೇಡದ ಬಳಿ ಮೊದಲನೆಯ ಬಾಜೀರಾಯ ನಿಜಾಮನ ದಂಡನ್ನು ನೀರಿಲ್ಲದ ಕಡೆಗೆ ಎಳೆದು ಸುತ್ತುಗಟ್ಟಿ ಮಣಿಸಿದ. 1760ರಲ್ಲಿ ಉದಗೀರದಲ್ಲಿ ಮತ್ತೆ ನಿಜಾಮನಿಗೆ ಸೋಲು. 1763ರಲ್ಲಿ ನಿಜಾಮನ ದಂಡು ಪುಣೆಗೇ ನುಗ್ಗಿ ಊರು ಸುಟ್ಟಿತು, ಅದೇ ವರ್ಷ ರಾಕ್ಷಸಭುವನದಲ್ಲಿ ಮರಾಠರು ಸೇಡು ತೀರಿಸಿಕೊಂಡರು. ಚೌಥದ ಬಾಕಿಯ ಲೆಕ್ಕ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬೆಳೆಯುತ್ತಲೇ ಹೋಯಿತು. ಒಬ್ಬರ ಊರನ್ನೊಬ್ಬರು ಸುಟ್ಟವರು ಮುಂದೆ ಒಂದೇ ಡೇರೆಯಲ್ಲಿ ಕುಳಿತಾರು ಎಂದು ಯಾರಾದರೂ ಹೇಳಿದ್ದರೆ ಅಂದಿನ ಚಾದಂಗಡಿಯಲ್ಲಿ (ಅಂದು ಚಾ ಇರಲಿಲ್ಲ, ಅದು ಬೇರೆ ಮಾತು) ನಗುತ್ತಿದ್ದರು.

ಆದರೂ ಕುಳಿತರು. 1786ರಲ್ಲಿ ಮರಾಠರೂ ನಿಜಾಮನೂ ಕೂಡಿ ಟಿಪ್ಪುವಿನ ಬಾದಾಮಿಗೆ ಮುತ್ತಿಗೆ ಹಾಕಿದರು. 1790ರಲ್ಲಿ ಮೂರನೆಯವನೊಬ್ಬ ಬಂದು ಸೇರಿದ, ಇಂಗ್ಲಿಷ್ ಕಂಪನಿ. ಆ ವರ್ಷದ ಜೂನ್ ತಿಂಗಳಲ್ಲಿ ಪುಣೆಯೊಡನೆ, ಜುಲೈ ತಿಂಗಳಲ್ಲಿ ಹೈದರಾಬಾದಿನೊಡನೆ ಕಂಪನಿಯ ಒಪ್ಪಂದಗಳಾದವು. ಗೆದ್ದ ಸೀಮೆಯನ್ನು ಮೂವರೂ ಸಮಪಾಲು ಮಾಡಿಕೊಳ್ಳುವುದೆಂದು ಕರಾರು. ಕರಾರಿಗೆ ರುಜು ಹಾಕುವ ಮುಂಚೆ ನಿಜಾಮನಿಗೆ ಒಂದು ಚಿಂತೆ ಹತ್ತಿತ್ತು. ತನ್ನ ದಂಡು ಟಿಪ್ಪುವಿನ ಮೇಲೆ ಹೋದಾಗ ಇದೇ ಮರಾಠರು ಹಿಂದಿನಿಂದ ತನ್ನ ಮನೆಗೆ ನುಗ್ಗಿದರೆ ಏನು ಗತಿ ಎಂದು ಇಂಗ್ಲಿಷರಿಂದ ಜಾಮೀನು ಕೇಳಿದ. ಹೆಗಲಿಗೆ ಹೆಗಲು ಕೊಟ್ಟು ಕಾದಾಡಬೇಕಾದ ಮಿತ್ರನ ವಿಷಯದಲ್ಲಿ ಇಂಥ ಜಾಮೀನು! ಇಷ್ಟೊಂದು ಅಪನಂಬಿಕೆ ಇದ್ದ ಕೂಟ ಮುರಿದೇ ಮುರಿಯುತ್ತದೆ ಎಂದು ಟಿಪ್ಪುವೂ ಎಣಿಸಿದ. ಪುಣೆಗೂ ಹೈದರಾಬಾದಿಗೂ ವಕೀಲರನ್ನು ಕಳಿಸಿ ಇಬ್ಬರನ್ನೂ ಬಿಡಿಸಲು ನೋಡಿದ. ಅವನ ಲೆಕ್ಕ ಹುಚ್ಚು ಲೆಕ್ಕವಾಗಿರಲಿಲ್ಲ. ಒಳಗೆ ಹಗೆ ಇದ್ದದ್ದು ನಿಜ. ಆದರೆ ಅವರಿಬ್ಬರೂ ಒಬ್ಬರಿಗೊಬ್ಬರು ಅಂಜುವುದಕ್ಕಿಂತ ಹೆಚ್ಚಾಗಿ ಶ್ರೀರಂಗಪಟ್ಟಣಕ್ಕೆ ಅಂಜುತ್ತಿದ್ದರು. ಹಾಗಾಗಿ ಯುದ್ಧ ಮುಗಿಯುವವರೆಗೆ ಕೂಟ ಮುರಿಯಲಿಲ್ಲ.

1792ರ ಮಾರ್ಚ್ 18ರ ಶ್ರೀರಂಗಪಟ್ಟಣದ ಒಪ್ಪಂದ ನಿಮಗೆ ಶಾಲೆಯಲ್ಲಿ ಓದಿ ಗೊತ್ತು. ರಾಜ್ಯದಲ್ಲಿ ಅರ್ಧ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. ಮರಾಠರ ಗಡಿ ತುಂಗಭದ್ರೆಯವರೆಗೆ ಬಂದಿತು. ಹಡಗಲಿಯ ದಡದಲ್ಲಿ ನಿಂತರೆ ಹೊಳೆಯ ಆಚೆ ಪೇಶ್ವೆಯ ಸೀಮೆ. ಬಳ್ಳಾರಿ, ಕಡಪೆ, ಗಂಡಿಕೋಟೆಯ ಕಡೆ ನಿಜಾಮನ ಪಾಲಿಗೆ ಹೋಯಿತು.

ಇನ್ನು ನೋಡಿ. ಸಮಾನ ಶತ್ರುವಿನ ಬಲ ಅರ್ಧಕ್ಕೆ ಇಳಿದು ಮೂರೇ ವರ್ಷ. 1795ರ ಮಾರ್ಚ್ ತಿಂಗಳಲ್ಲಿ ಖರ್ಡಾ ಎಂಬಲ್ಲಿ ಅದೇ ಮರಾಠರು, ಅದೇ ನಿಜಾಮ, ಅದೇ ಚೌಥದ ಬಾಕಿ. ನಿಜಾಮ ಸೋತು ದೌಲತಾಬಾದನ್ನು ಬಿಟ್ಟುಕೊಟ್ಟು, ಮೂರು ಕೋಟಿ ಒಪ್ಪಿಕೊಂಡು, ತನ್ನ ಮಂತ್ರಿಯನ್ನೇ ಪುಣೆಗೆ ಒತ್ತೆಯಾಗಿ ಕಳಿಸಬೇಕಾಯಿತು. ಮೂರನೆಯ ಮಿತ್ರನಾದ ಕಂಪನಿ ಏನು ಮಾಡಿತು? ಗವರ್ನರ್ ಜನರಲ್ ಜಾನ್ ಶೋರ್, ಇದು ನಿಮ್ಮಿಬ್ಬರ ವ್ಯವಹಾರ ಎಂದು ಕೈಕಟ್ಟಿ ನಿಂತ. ಚಾದಂಗಡಿಯ ಎರಡನೆಯ ಮಿತ್ರರು ಇಲ್ಲಿ ತಲೆಯಾಡಿಸುತ್ತಿದ್ದಾರೆ: ನಾನು ಹೇಳಲಿಲ್ಲವೇ, ಬಡಿದಾಡುತ್ತಾರೆ ಅಂತ! ಬಡಿದಾಡಿದರು, ಒಪ್ಪುತ್ತೇನೆ. ಆದರೆ ಟಿಪ್ಪುವಿನ ಅರ್ಧ ರಾಜ್ಯವನ್ನು ನುಂಗಿದ ಮೇಲೆ. ಅಷ್ಟು ಹೊತ್ತಿಗೆ ಆ ಜಗಳದಿಂದ ಮೈಸೂರಿಗೆ ಬಂದ ಲಾಭವೇನು?

ನಮ್ಮ ಸೀಮೆಯ ಕಥೆ ಇಲ್ಲಿಂದ ಮುಂದೆ. ಖರ್ಡಾದಲ್ಲಿ ಕೈಬಿಟ್ಟ ಇಂಗ್ಲಿಷರ ಮೇಲೆ ನಿಜಾಮನಿಗೆ ಸಿಟ್ಟು ಬಂದಿತು. ಫ್ರೆಂಚನಾದ ರೇಮಂಡ್ ಕಟ್ಟಿದ ಪಲ್ಟಣಗಳನ್ನು ಬೆಳೆಸಿದ. ಆದರೆ ಮರಾಠರ ಭಯ ಬಿಡಲಿಲ್ಲ. 1798ರಲ್ಲಿ ಮತ್ತೆ ಕಂಪನಿಯ ಬಾಗಿಲಿಗೇ ಬಂದು, ಫ್ರೆಂಚ್ ಪಲ್ಟಣಗಳನ್ನು ಬರಖಾಸ್ತು ಮಾಡಿ, ಇಂಗ್ಲಿಷರ ಸೈನ್ಯವನ್ನು ತನ್ನ ಖರ್ಚಿನಲ್ಲಿ ಸಾಕುವುದಕ್ಕೆ ಒಪ್ಪಿದ. ವರ್ಷಕ್ಕೆ 24 ಲಕ್ಷ ರೂಪಾಯಿಗೂ ಮಿಕ್ಕಿದ ಖರ್ಚು. ಒಬ್ಬ ಜೊತೆಗಾರನ ಭಯದಿಂದ ಇನ್ನೊಬ್ಬ ಜೊತೆಗಾರನ ಮನೆಯಾಳಾಗುವುದು ಅಂದರೆ ಇದೇ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಕೋಟೆಯಲ್ಲೇ ಮಡಿದ. ಜೂನ್ ತಿಂಗಳಲ್ಲಿ ಪಾಲುಪಟ್ಟಿ ತಯಾರಾಯಿತು. ಆ ಯುದ್ಧದಲ್ಲಿ ಮರಾಠರು ಬೆರಳೆತ್ತಿರಲಿಲ್ಲ. ಆದರೂ ಅವರನ್ನು ಕೈಮೀರಿ ಹೋಗದಂತೆ ಇಟ್ಟುಕೊಳ್ಳಲು ಪೇಶ್ವೆಗೆ ಒಂದು ಪಾಲು ಎತ್ತಿಟ್ಟರು. ಯಾವ ಪಾಲು ಗೊತ್ತೇ? ಹರಪನಹಳ್ಳಿ, ಸೋಂದೆ, ಆನೆಗೊಂದಿ, ಜೊತೆಗೆ ಚಿತ್ರದುರ್ಗ ಬಿದನೂರುಗಳ ಒಂದಿಷ್ಟು ತುಂಡು. ಮದುವೆಮನೆಯಲ್ಲಿ ಮುನಿಸಿಕೊಂಡ ನೆಂಟನಿಗೆ ಎಲೆ ಎತ್ತಿಟ್ಟ ಹಾಗೆ ನಮ್ಮ ಹರಪನಹಳ್ಳಿಯನ್ನು ಎತ್ತಿಟ್ಟರು. ಎಲೆಯ ಜೊತೆಗೆ ಷರತ್ತುಗಳೂ ಇದ್ದವು. ಪೇಶ್ವೆ ಎರಡನೆಯ ಬಾಜೀರಾಯ ಆ ಷರತ್ತುಗಳಿಗೆ ಒಪ್ಪಲಿಲ್ಲ. ಆಗ ಎತ್ತಿಟ್ಟ ಪಾಲನ್ನು ಕಂಪನಿ ಮತ್ತು ನಿಜಾಮ ಹಂಚಿಕೊಂಡರು. ಹರಪನಹಳ್ಳಿಯಲ್ಲಿ ಉಳುವವನನ್ನೂ ನೇಯುವವನನ್ನೂ ಯಾರೂ ಕೇಳಲಿಲ್ಲ.

ಮುಂದಿನ ವರ್ಷವೇ, 1800ರ ಅಕ್ಟೋಬರ್ 12ರಂದು, ಇನ್ನೊಂದು ಒಪ್ಪಂದ. ನಿಜಾಮನಿಗೆ ಇನ್ನಷ್ಟು ಇಂಗ್ಲಿಷ್ ಪಲ್ಟಣ ಬೇಕು, ರೊಕ್ಕ ಕೊಡುವುದು ಕಷ್ಟ. ಹಾಗಾದರೆ ರೊಕ್ಕದ ಬದಲು ನೆಲ ಕೊಡು ಎಂದಿತು ಕಂಪನಿ. 1792ರಲ್ಲೂ 1799ರಲ್ಲೂ ಟಿಪ್ಪುವಿನಿಂದ ಬಂದದ್ದನ್ನು ನಿಜಾಮ ಇಡಿಯಾಗಿ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ, ಅನಂತಪುರ, ಕಡಪೆಯ ಕಡೆಗಳೆಲ್ಲ ಅದರಲ್ಲಿ ಸೇರಿದವು. ದತ್ತ ಮಂಡಲ ಹುಟ್ಟಿದ್ದು ಹೀಗೆ. ಕಂಪನಿಯ ಸಿಪಾಯಿಯ ಸಂಬಳ ನಮ್ಮ ಎರೆ ಹೊಲದ ಕಂದಾಯ. ಕೊಟ್ಟವನಿಗೆ ಕಳೆದುಕೊಂಡೆನೆಂಬ ಸಂಕಟವೂ ಹೆಚ್ಚಾಗಿ ಇರಲಿಕ್ಕಿಲ್ಲ. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋಯಿತು. ಆ ಹೆಸರು ಮಾತ್ರ ಬಹಳ ಕಾಲ ಅಂಟಿಕೊಂಡಿತು. ಆಂಧ್ರದ ಕಡೆಯವರು 1928ರಲ್ಲಿ ನಂದ್ಯಾಲದಲ್ಲಿ ಸಭೆ ಸೇರಿ ಆ ಹೆಸರು ಬೇಡವೆಂದು ರಾಯಲಸೀಮೆ ಎಂದು ಕರೆದುಕೊಂಡರು. ನಾವು 1953ರ ಅಕ್ಟೋಬರ್ 1ರಂದು ಮದರಾಸಿನಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿದೆವು.

ಈ ಇಬ್ಬರು ಮೂವರು ಬಲಾಢ್ಯರ ನಡುವೆ ಸಿಕ್ಕ ಸಣ್ಣವರ ಪಾಡನ್ನೂ ಹೇಳಬೇಕು. ಹೈದರಾಬಾದಿಗೆ ಪೇಷ್ಕಷ್, ಪುಣೆಗೆ ಚೌಥ, ಮೈಸೂರಿಗೆ ಕಪ್ಪ. ನಮ್ಮ ಪಾಳೆಯಗಾರರು ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ಅಂಜಬೇಕು. ಬಳ್ಳಾರಿಯ ದೊಡ್ಡಪ್ಪ ಎಂಬ ಪಾಳೆಯಗಾರ 1775ರ ಸುಮಾರಿಗೆ ಒಂದು ಉಪಾಯ ಹೂಡಿದ. ಅವನು ಕಪ್ಪ ಕೊಡಬೇಕಾದದ್ದು ಆದವಾನಿಯಲ್ಲಿದ್ದ ನಿಜಾಮನ ತಮ್ಮ ಬಸಾಲತ್ ಜಂಗನಿಗೆ. ಕೊಡುವುದಿಲ್ಲ ಎಂದ. ಬಸಾಲತ್ ಜಂಗನ ದಂಡು ಬಂದು ಬಳ್ಳಾರಿ ಕೋಟೆಗೆ ಮುತ್ತಿಗೆ ಹಾಕಿತು. ದೊಡ್ಡಪ್ಪ ಹೈದರನಿಗೆ ಮೊರೆಯಿಟ್ಟ. ಹೈದರ ಹಗಲಿರುಳು ನಡೆದು ಬಂದು ಮುತ್ತಿದವರನ್ನು ಚದುರಿಸಿದ. ಮರುಗಳಿಗೆ ಕೋಟೆಯನ್ನು ತನಗೇ ಬಿಟ್ಟುಕೊಡೆಂದ. ದೊಡ್ಡಪ್ಪ ಓಡಿಹೋದ.

ಇನ್ನು ಹರಪನಹಳ್ಳಿ ಮತ್ತು ರಾಯದುರ್ಗದ ಪಾಳೆಯಗಾರರು ದೊಡ್ಡಪ್ಪನ ಹಾಗೆ ಆಟವಾಡಿದವರಲ್ಲ. ಹೈದರನ ಕಾಲದಿಂದ ಮೈಸೂರಿಗೆ ನಿಷ್ಠೆಯಿಂದ ಇದ್ದವರು. 1787ರಲ್ಲಿ ಮರಾಠರೊಡನೆ ಗಜೇಂದ್ರಗಡದ ಒಪ್ಪಂದವಾದ ಮೇಲೆ ಟಿಪ್ಪು ಹಿಂತಿರುಗುವಾಗ ಅವರಿಬ್ಬರನ್ನೂ ಹಿಡಿದು ಸೀಮೆ ಕಸಿದುಕೊಂಡ. ಬಲಾಢ್ಯರ ನಡುವೆ ಜಗಳ ನಡೆಯುವವರೆಗೆ ನಡುವಿನ ಸಣ್ಣವನಿಗೆ ಬೆಲೆ. ಅವರು ರಾಜಿಯಾದ ದಿನ ಅವನ ಲೆಕ್ಕ ತೆಗೆಯುತ್ತಾರೆ. ಟಿಪ್ಪುವನ್ನು ದೊಡ್ಡ ಹೋರಾಟಗಾರನೆಂದು ಮನ್ನಿಸುವವರಿಗೆ ಈ ಮಾತು ಹಿತವಾಗಲಿಕ್ಕಿಲ್ಲ. ಆದರೂ ನಡೆದದ್ದು ನಡೆದದ್ದು. ಕೊನೆಗೆ 1800ರಿಂದ 1807ರವರೆಗೆ ಇಲ್ಲಿ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ದತ್ತ ಮಂಡಲದ ಎಂಬತ್ತರಷ್ಟು ಪಾಳೆಯಗಾರರನ್ನು ಒಬ್ಬೊಬ್ಬರನ್ನಾಗಿ ಅಡಗಿಸಿ, ಕೆಲವರಿಗೆ ಪಿಂಚಣಿ ಕೊಟ್ಟು ಕೂಡಿಸಿದ. ಗುಡೇಕೋಟೆ, ಜರಿಮಲೆಯ ಬೆಟ್ಟದ ಮೇಲೆ ಇವತ್ತು ಕೋಟೆಗೋಡೆಗಳು ನಿಂತಿವೆ.

ಈಗ ಮಾಸ್ಕೋ ಪೀಕಿಂಗುಗಳ ಮಾತಿಗೆ ಬರೋಣ. ಮೊದಲನೆಯ ಮಿತ್ರರು, ಅವರು ಬಿಡಿಸಲಾರದ ಸ್ನೇಹಿತರು ಎಂದವರು, ಇದನ್ನು ಕೇಳಬೇಕು. 1858 ಮತ್ತು 1860ರ ಒಪ್ಪಂದಗಳಲ್ಲಿ ರಷ್ಯಾದ ಝಾರ್ ದೊರೆ ಚೀನಾದಿಂದ ಅಮೂರ್ ನದಿಯ ಕಡೆಯ ಬಹುದೊಡ್ಡ ಸೀಮೆ ಕಿತ್ತುಕೊಂಡದ್ದನ್ನು ಚೀನೀಯರು ಮರೆತಿಲ್ಲ. 1950ರಲ್ಲಿ ಸ್ಟಾಲಿನ್ ಮತ್ತು ಮಾವೊ ಸ್ನೇಹದ ಒಪ್ಪಂದ ಮಾಡಿಕೊಂಡರು. ಹತ್ತೇ ವರ್ಷಕ್ಕೆ, 1960ರಲ್ಲಿ, ರಷ್ಯಾ ತನ್ನ ತಜ್ಞರನ್ನು ಚೀನಾದಿಂದ ಎಬ್ಬಿಸಿಕೊಂಡು ಹೋಯಿತು. 1969ರ ಮಾರ್ಚ್ ತಿಂಗಳಲ್ಲಿ ಉಸ್ಸೂರಿ ನದಿಯ ಒಂದು ಸಣ್ಣ ನಡುಗಡ್ಡೆಗಾಗಿ ಎರಡೂ ಕೆಂಪು ಸೈನ್ಯಗಳು ಗುಂಡು ಹಾರಿಸಿಕೊಂಡವು. 1972ರಲ್ಲಿ ಮಾವೊ ಅಮೆರಿಕದ ನಿಕ್ಸನನನ್ನು ಮನೆಗೆ ಕರೆದು ಕೈಕುಲುಕಿದ. ಒಂದೇ ಬಾವುಟದವರ ನಡುವೆಯೂ ಹೀಗೆ ನಡೆಯಿತು. ಈ ವಿಷಯದಲ್ಲಿ ಎಡಪಂಥದವರಾದ ನಾವೂ ಆ ಕಾಲದಲ್ಲಿ ಬಹಳ ಮಂದಿ ಕಣ್ಣು ಕಟ್ಟಿಸಿಕೊಂಡಿದ್ದೆವು.

ಹಾಗಾದರೆ ಇವತ್ತಿನ ಸ್ನೇಹ ನಾಟಕವೇ? ಅಲ್ಲ. 1989ರಲ್ಲಿ ಗೋರ್ಬಚೇವ್ ಪೀಕಿಂಗಿಗೆ ಹೋದಂದಿನಿಂದ ಗಂಟು ಒಂದೊಂದಾಗಿ ಬಿಚ್ಚಿತು. 2001ರಲ್ಲಿ ಹೊಸ ಸ್ನೇಹ ಒಪ್ಪಂದವಾಯಿತು, 2008ರ ಹೊತ್ತಿಗೆ ಗಡಿ ಪೂರ್ತಿಯಾಗಿ ಗುರುತಾಯಿತು. ಅಷ್ಟು ಉದ್ದದ ಗಡಿಯಲ್ಲಿ ಸೈನ್ಯ ಕಾಯಿಸುವ ಖರ್ಚು ಉಳಿಯಿತು ಅಂದರೆ ಸಣ್ಣ ಮಾತಲ್ಲ. 2022ರ ಫೆಬ್ರವರಿ 4ರಂದು ತಮ್ಮ ಸ್ನೇಹಕ್ಕೆ ಮಿತಿಯಿಲ್ಲ ಎಂದು ಎರಡೂ ದೇಶಗಳು ಸಾರಿದವು. ಇಪ್ಪತ್ತು ದಿನಕ್ಕೆ ರಷ್ಯಾ ಯುಕ್ರೇನಿಗೆ ನುಗ್ಗಿತು. ಆ ಒಂದು ಮಾತನ್ನು ಅಂದಿನಿಂದ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಅರ್ಥ ಮಾಡುತ್ತಿದ್ದಾರೆ, ಮೈಲಾರದ ಕಾರಣಿಕ ಕೇಳಿಬಂದ ಮರುದಿನ ನಮ್ಮ ಊರುಗಳಲ್ಲಿ ಮಾಡುವ ಹಾಗೆ. ನಾನು ಮಾತಿಗಿಂತ ವ್ಯಾಪಾರ ನೋಡುತ್ತೇನೆ. ಪಶ್ಚಿಮದವರು ರಷ್ಯಾಕ್ಕೆ ಅಂಗಡಿ ಮುಚ್ಚಿದ ಮೇಲೆ ಎರಡು ದೇಶಗಳ ವ್ಯಾಪಾರ 2023ರಲ್ಲಿ 240 ಶತಕೋಟಿ ಡಾಲರಿನಷ್ಟಕ್ಕೆ ಏರಿತು. ಎಣ್ಣೆ, ಅನಿಲ ಒಂದು ಕಡೆಯಿಂದ. ಯಂತ್ರ, ಮೋಟಾರು ಇನ್ನೊಂದು ಕಡೆಯಿಂದ. ಇದು ಬಾಯಿಮಾತಿನ ಸ್ನೇಹವಲ್ಲ.

ಆದರೆ ಲೆಕ್ಕದ ಪುಸ್ತಕವನ್ನು ಇನ್ನೊಂದು ಪುಟ ತಿರುಗಿಸಿ. ಕ್ರೈಮಿಯಾವನ್ನು ರಷ್ಯಾ 2014ರಲ್ಲಿ ಸೇರಿಸಿಕೊಂಡದ್ದನ್ನು ಚೀನಾ ಮಾನ್ಯ ಮಾಡಲಿಲ್ಲ. ರಷ್ಯಾ ತನ್ನ ಹಿತ್ತಲು ಎಂದು ತಿಳಿದಿದ್ದ ಮಧ್ಯ ಏಷ್ಯಾದಿಂದ ಚೀನಾ 2009ರಿಂದಲೇ ಕೊಳವೆಯಲ್ಲಿ ಅನಿಲ ಎಳೆಯುತ್ತಿದೆ. ರಷ್ಯಾದಿಂದ ಅನಿಲ ತರುವ ಮೊದಲ ಕೊಳವೆ 2019ರಲ್ಲಿ ಹರಿಯತೊಡಗಿತು. ಎರಡನೆಯದರ ದರಕ್ಕೆ ವರ್ಷಗಟ್ಟಲೆ ಚೌಕಾಶಿ. ಕೊಳ್ಳುವವನಿಗೆ ಅವಸರವಿಲ್ಲ, ಮಾರುವವನಿಗೆ ಬೇರೆ ಗಿರಾಕಿ ಇಲ್ಲ. ಹೀಗಿದ್ದರೆ ದರ ಯಾರು ಹೇಳುತ್ತಾರೆ ಎಂದು ಮಂಡಿಯ ಜನಕ್ಕೆ ನಾನು ಕಲಿಸಬೇಕಿಲ್ಲ. ಚೀನಾದ ಎದುರು ನಿಂತಿರುವ ನಮಗೂ ವಿಯೆಟ್ನಾಮಿಗೂ ರಷ್ಯಾ ಆಯುಧ ಮಾರುತ್ತ ಬಂದಿದೆ. 2020ರ ಜೂನ್ ತಿಂಗಳಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಸತ್ತಾಗ ರಷ್ಯಾ ಯಾರ ಪಕ್ಷವನ್ನೂ ಹಿಡಿಯಲಿಲ್ಲ.

ರಷ್ಯಾವನ್ನು 1800ರ ನಿಜಾಮನಿಗೆ ಹೋಲಿಸಬಹುದೇ ಎಂದರೆ ಅರ್ಧ ಹೋಲಿಸಬಹುದು. ಒಬ್ಬರ ಭಯದಿಂದ ಇನ್ನೊಬ್ಬರ ಕಡೆಗೆ ವಾಲಿ, ವಾಲಿದಷ್ಟೂ ಆ ಕಡೆಯ ಮಾತಿಗೆ ಕಟ್ಟುಬೀಳುವುದು ಒಂದೇ ಬಗೆ. ಆದರೆ ನಿಜಾಮನ ಹತ್ತಿರ ಅಣುಬಾಂಬು ಇರಲಿಲ್ಲ. ಅವನ ರಾಜಧಾನಿಯಲ್ಲೇ ಪರದಂಡು ಬೀಡುಬಿಟ್ಟಿತ್ತು. ಮಾಸ್ಕೋದಲ್ಲಿ ಚೀನೀ ಪಲ್ಟಣವಿಲ್ಲ. ಹಾಗಾಗಿ ನಾಳೆಯೇ ರಷ್ಯಾ ಕಂಪನಿಯ ಕೈಗೆ ಬಿದ್ದ ಹೈದರಾಬಾದಾಗುತ್ತದೆ ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ಅಮೆರಿಕದ ಅಂಜಿಕೆ ಇಬ್ಬರಿಗೂ ಇರುವವರೆಗೆ ಈ ಕೂಟ ನಿಲ್ಲುತ್ತದೆ ಎಂಬುದು ನನ್ನ ಎಣಿಕೆ.

ಇಷ್ಟೆಲ್ಲ ಕೇಳಿ, ನಮಗೇನು ಸಂಬಂಧ ಎನ್ನಬಹುದು. ಸಂಬಂಧ ನಿಮ್ಮ ಅಂಗಡಿಯ ತಕ್ಕಡಿಯಲ್ಲೇ ಇದೆ. 2022ರಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆಯ ದರ ಏನಾಯಿತೆಂದು ಕಿರಾಣಿಯವರಿಗೆ ಗೊತ್ತು. ದೇಶಕ್ಕೆ ಬರುವ ಆ ಎಣ್ಣೆಯ ಬಹುಪಾಲು ಯುಕ್ರೇನ್ ಮತ್ತು ರಷ್ಯಾದಿಂದ ಬರುತ್ತಿತ್ತು. ಅದಕ್ಕೂ ಮುಂಚೆ, 2021ರಲ್ಲಿ, ಚೀನಾ ತನ್ನ ಗೊಬ್ಬರ ಹೊರಗೆ ಹೋಗದಂತೆ ತಡೆಯಿತು. ಡಿಎಪಿಗೆ ಇಲ್ಲಿ ರೈತರು ಸಾಲು ನಿಂತರು. ಮರುವರ್ಷ ರಷ್ಯಾ ಸೋಡಿ ದರದಲ್ಲಿ ಅದೇ ಗೊಬ್ಬರ ಕೊಟ್ಟಿತು. ಒಬ್ಬ ಬಾಗಿಲು ಮುಚ್ಚಿದಾಗ ಇನ್ನೊಬ್ಬ ತೆರೆದ. ಇಬ್ಬರೂ ಮಾತಾಡಿಕೊಂಡು ಒಂದೇ ಸಲ ಮುಚ್ಚಿದರೆ? ಈ ಪ್ರಶ್ನೆಯನ್ನು ದೆಹಲಿಯಲ್ಲಿ ಕೇಳಬೇಕಾದವರು ಕೇಳುತ್ತಿದ್ದಾರೆಯೇ? ಇನ್ನು ಸೊಂಡೂರು ಹೊಸಪೇಟೆಯ ಅದಿರಿನ ಕಥೆ. 2008ರ ಪೀಕಿಂಗ್ ಒಲಿಂಪಿಕ್ಸಿನ ಮುಂಚಿನ ವರ್ಷಗಳಲ್ಲಿ ಚೀನಾದ ಕುಲುಮೆಗಳಿಗೆ ನಮ್ಮ ಬೆಟ್ಟ ಲಾರಿಗಳಲ್ಲಿ ಹೋಯಿತು. 2011ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆ ನಿಲ್ಲಿಸಿದಾಗ ಕೂಲಿಯವರೂ ಲಾರಿ ಕ್ಲೀನರುಗಳೂ ಬೀದಿಗೆ ಬಿದ್ದರು. ಪೀಕಿಂಗಿನಲ್ಲಿ ಬೇಡಿಕೆ ಎದ್ದಾಗ ಇಲ್ಲಿ ದುಡ್ಡು ಕಂಡವರು ಕೆಲವರು, ಧೂಳು ಕುಡಿದವರು ಎಲ್ಲರೂ.

ದೊಡ್ಡವರ ನಡುವೆ ನಮ್ಮ ದೇಶ ಹೇಗೆ ನಡೆಯಬೇಕು ಎಂಬುದಕ್ಕೆ ನನ್ನ ಮಾತು ಇಷ್ಟು. ಅವರು ಜಗಳವಾಡಿಕೊಳ್ಳಲಿ ಎಂದು ಕಾಯುವುದು ಟಿಪ್ಪುವಿನ ಲೆಕ್ಕ. ಒಬ್ಬನನ್ನು ಕರೆದು ಇನ್ನೊಬ್ಬನನ್ನು ಓಡಿಸುವುದು ಬಳ್ಳಾರಿಯ ದೊಡ್ಡಪ್ಪನ ಲೆಕ್ಕ. ಕಣ್ಣು ಮುಚ್ಚಿ ನಿಷ್ಠೆಯಿಂದಿರುವುದು ಹರಪನಹಳ್ಳಿಯ ಲೆಕ್ಕ. ಮೂರೂ ನಮ್ಮ ನೆಲದಲ್ಲೇ ಸೋತಿವೆ. ಗೊಬ್ಬರವನ್ನೂ ಎಣ್ಣೆಯನ್ನೂ ಇಲ್ಲೇ ಹೆಚ್ಚು ಬೆಳೆದು ಮಾಡಿಕೊಂಡರೆ, ಕೊಟ್ಟೂರಿನ ಗಿರಣಿಗೆ ವರ್ಷಪೂರ್ತಿ ಶೇಂಗಾ ಸಿಗುವಂತೆ ಕೂಡ್ಲಿಗಿಯ ಮಳೆಯಾಧಾರದ ರೈತನಿಗೆ ದರ ಕೊಟ್ಟರೆ, ಆಗ ಇಬ್ಬರೊಡನೆಯೂ ಚೌಕಾಶಿ ಮಾಡಲು ಕೈಯಲ್ಲಿ ಏನಾದರೂ ಇರುತ್ತದೆ.

ಯಾರೋ ಒಂದು ಚೀಟಿ ಕಳಿಸಿದ್ದಾರೆ: "1799ರಲ್ಲಿ ಪೇಶ್ವೆ ಒಪ್ಪಿಕೊಂಡಿದ್ದರೆ ಹರಪನಹಳ್ಳಿ ಏನಾಗುತ್ತಿತ್ತು?" ಬರೆದವರು ಹರಪನಹಳ್ಳಿಯವರೇ ಇರಬೇಕು. ಸ್ವಾಮಿ, 1818ರಲ್ಲಿ ಪೇಶ್ವೆಯ ರಾಜ್ಯವೇ ಕಂಪನಿಯ ಪಾಲಾಯಿತು. ನೀವು ಧಾರವಾಡದವರ ಜೊತೆ ಮುಂಬಯಿ ಪ್ರಾಂತ್ಯಕ್ಕೆ ಹೋಗುತ್ತಿದ್ದಿರಿ, ಮದರಾಸಿಗೆ ಹೋಗುವ ಬದಲು. ದೊರೆ ಅವನೇ, ಕಚೇರಿ ಬೇರೆ. ಆಮೇಲೆ 1997ರಲ್ಲಿ ನಿಮ್ಮನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಮತ್ತೆ ಬಳ್ಳಾರಿಗೆ ಬಂದಿರಿ, 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಬಳ್ಳಾರಿಗೆ ಮರಳಿದ್ದು ಮಾತ್ರ ಊರಿನವರು ಬೀದಿಗಿಳಿದು ಕೇಳಿ ಪಡೆದದ್ದು, 1800ರಲ್ಲಿ ಕೊಟ್ಟುಬಿಟ್ಟ ಹಾಗೆ ಅಲ್ಲ.